ಏಪ್ರಿಲ್ ಸೆಕೆಯಲ್ಲಿ ತೆಗೆದ ಚಳಿಗಾಲದ ಗುಲಗಂಜಿ ಹುಳ

ಡಿಸೆಂಬರ್‌ನಲ್ಲಿ ಅವರೆ ಹೊಲದಲ್ಲಿ ಸಿಗುವ ಅಂಕುಡೊಂಕು ಗೆರೆಯ ಗುಲಗಂಜಿ ಹುಳದ (ಲೇಡಿಬರ್ಡ್) ಬೆನ್ನು ಅರ್ಧಕ್ಕರ್ಧ ಕಪ್ಪು. ಏಪ್ರಿಲ್‌ನಲ್ಲಿ ಅಲಸಂದೆ ಮೇಲೆ ಅದೇ ಹುಳ ಸಿಕ್ಕರೆ ಗೆರೆ ದಾರದಷ್ಟು ಸಣ್ಣ. ಶಿಡ್ಲಘಟ್ಟದ ಕಡೆ ಹೊಲ ಮಾಡೋರೆಲ್ಲ ಇದನ್ನು ನೋಡಿಯೇ ಇರ್ತಾರೆ. 'ಅವು ಬೇರೆ ಬೇರೆ ಜಾತಿ ಕಣಯ್ಯ' ಅಂದವರು ಒಬ್ಬರು. 'ಬಣ್ಣ ಹುಟ್ಟಿನಿಂದ ಬರೋದು, ಚಳಿಗೇನು ಸಂಬಂಧ' ಅಂದವರು ಇನ್ನೊಬ್ಬರು, ಅವರು ಓದಿಕೊಂಡವರು ಬೇರೆ. ಕಳೆದ ಬೇಸಿಗೆಯಲ್ಲಿ ಒಂದೇ ತಾಯಿಯ ಮೊಟ್ಟೆಯಿಂದ ಎರಡೂ ಥರ ತೆಗೆದು ಡಬ್ಬಿಯಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಇಬ್ಬರೂ ಮಾತಾಡಿಲ್ಲ.

ರೇಷ್ಮೆ ಸಾಕುವ ಮನೆ ನಮ್ಮದು. ತೇವ-ಒಣ ಥರ್ಮಾಮೀಟರ್, ಒದ್ದೆ ಗೋಣಿ, ಟ್ರೇ ಎಲ್ಲ ಕೈಗೆ ಸಿಗುವಂಥವೇ. ಆದರೂ ಮೊದಲ ಚಳಿಗಾಲ ಪೂರ್ತಿ ದಂಡ. ಮರಿಹುಳುಗಳನ್ನು ಒಟ್ಟಿಗೆ ಬಿಟ್ಟರೆ, ಅವು ತಿನ್ನುವ ಗಿಡದ ಹೇನು ಕಡಿಮೆಯಾದ ರಾತ್ರಿಯೇ ಒಂದನ್ನೊಂದು ತಿಂದು ಮುಗಿಸುತ್ತವೆ. ಒಂದೊಂದಕ್ಕೂ ಒಂದೊಂದು ಡಬ್ಬಿ ಅಂತ ಸಣ್ಣ ಪ್ಲಾಸ್ಟಿಕ್ ಡಬ್ಬಿ ತಂದೆ, ಐನೂರು ರೂಪಾಯಿ ಹೋಯ್ತು. ಇರುವೆ ಬಂತು. ಪಕ್ಕದ ಹೊಲದಿಂದ ತಂದ ಅಲಸಂದೆ ಕುಡಿಗೆ ಅದ್ಯಾವುದೋ ಔಷಧಿ ಹೊಡೆದಿದ್ದರು, ಬೆಳಿಗ್ಗೆ ನೋಡಿದರೆ ಇಡೀ ಸಾಲು ಕಾಲು ಮೇಲೆ ಮಾಡಿತ್ತು. ಆಮೇಲೆ ಕುಂಡದಲ್ಲಿ ನಾನೇ ಅಲಸಂದೆ ಬೆಳೆದು ಕಪ್ಪು ಹೇನು ಹತ್ತಿಸಿಕೊಂಡೆ. ಏಪ್ರಿಲ್ ಬಿಸಿಲಲ್ಲಿ ಹೇನು ಉಳಿಸಿಕೊಳ್ಳೋದು ಹೇಗೆ ಅಂತ ಕೇಳಬೇಡಿ, ಅದಕ್ಕೆ ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೇನೆ.

ಮುಖ್ಯ ವಿಷಯ ಇದು: ಗೆರೆ ದಪ್ಪವೋ ಸಣ್ಣವೋ ಅನ್ನೋದು ಹೆಚ್ಚಾಗಿ ಕೋಶದೊಳಗೇ, ಅಂದರೆ ಮರಿ ರೆಕ್ಕೆಯ ಹುಳವಾಗಿ ಬದಲಾಗುವ ಹಂತದಲ್ಲೇ ತೀರ್ಮಾನ. ಮರಿ ಬಾಲವನ್ನು ಎಲೆಗೆ ಅಂಟಿಸಿ ಬೆನ್ನು ಬಾಗಿಸಿ ಕೂತ ದಿನವೇ ಬೇರೆ ಮಾಡಬೇಕು. ಅರ್ಧ ಕೋಶ ತಗಡಿನ ಸೂರಿನ ಕೆಳಗೆ, ಮೂವತ್ತೆರಡು ಡಿಗ್ರಿ ಆಸುಪಾಸು. ಇನ್ನರ್ಧ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಐಸ್ ಕಟ್ಟಿದ ನೀರಿನ ಬಾಟಲಿ ಜೊತೆ, ಹದಿನೆಂಟರ ಹತ್ತಿರ. ಕರೆಂಟ್ ಹೋದರೆ ಬಾಟಲಿಗೆ ಐಸ್ ಇಲ್ಲ. ಪೇಟೆಯಿಂದ ಐಸ್ ತಂದಿದ್ದಕ್ಕೇ ಏಳೆಂಟು ನೂರು ಸುರಿದಿದ್ದೇನೆ. ಬಾಟಲಿಯ ಬೆವರು ತಾಗಿ ಒಂದು ತಂಡಕ್ಕೆ ಬೂಷ್ಟು ಹಿಡಿದು ಹೋಯ್ತು, ಅದಕ್ಕೆ ನಡುವೆ ಒಂದು ಪರದೆ ಬೇಕು. ಯಾವ ಬಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ. ಬಿಸಿಲಿನವು ಮೂರ್ನಾಲ್ಕು ದಿನಕ್ಕೆ ಒಡೆದವು, ತಂಪಿನವು ಎಂಟೊಂಬತ್ತು ದಿನ ತಿಂದವು.

ಕೋಶದಿಂದ ಈಚೆ ಬಂದ ಹುಳವನ್ನು ತಕ್ಷಣ ನೋಡಿದರೆ ಏನೂ ತಿಳಿಯಲ್ಲ. ರೆಕ್ಕೆ ಬರೀ ತಿಳಿಹಳದಿ, ಒದ್ದೊದ್ದೆ, ಗೆರೆಯ ಸುಳಿವೇ ಇಲ್ಲ. ಒಂದೆರಡು ಗಂಟೆಯಲ್ಲಿ ಬೂದು ನೆರಳಿನಂತೆ ಗೆರೆ ಮೂಡಿ, ಆಮೇಲೆ ಕಪ್ಪಾಗುತ್ತೆ. ಎರಡು ದಿನ ಬಿಟ್ಟು ಗ್ರಾಫ್ ಕಾಗದದ ಮೇಲಿಟ್ಟು, ಒಂದೇ ಬಲ್ಬಿನ ಬೆಳಕಲ್ಲಿ ಮೊಬೈಲ್‌ನಿಂದ ಫೋಟೊ ಹೊಡೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಪ್ಪು ಚೌಕ ಎಣಿಸಿದೆ. ತಂಪಿನ ಮಕ್ಕಳಲ್ಲಿ ಕಪ್ಪು ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಗೆರೆಗಳು ಕೆಲವಲ್ಲಿ ಒಂದಕ್ಕೊಂದು ಕೂಡಿಕೊಂಡೇ ಬಿಟ್ಟಿದ್ದವು.

ಕೆಂಪಿನ ಲೆಕ್ಕ ಬೇರೆ. ಅದು ಊಟದಿಂದ, ವಯಸ್ಸಿನಿಂದ ಏರುತ್ತೆ. ಹೇನು ಕೊಡದೆ ಜೇನು-ನೀರಲ್ಲೇ ಇಟ್ಟವು ವಾರಗಟ್ಟಲೆ ಪೇಲವ ಹಳದಿಯಾಗೇ ಉಳಿದವು. ಕೆಂಪು ನೋಡಿ ಋತು ಹೇಳಲು ಹೊರಟವರಿಗೆಲ್ಲ ಲೆಕ್ಕ ತಪ್ಪುವುದು ಇಲ್ಲೇ.

ಹುಟ್ಟಿನ ಬಣ್ಣವೇ ಇಲ್ಲ ಅಂತಲ್ಲ. ನಮ್ಮ ಹುಳದಲ್ಲೂ ಹುಟ್ಟಾ ಕಪ್ಪಿನವು ಸಿಗುತ್ತವೆ. ಅವನ್ನು ತಾಯಿಯಾಗಿ ಆರಿಸಬೇಡಿ. ನೆದರ್ಲೆಂಡ್ಸ್‌ನ ಎರಡು ಚುಕ್ಕಿಯ ಗುಲಗಂಜಿ ಹುಳದಲ್ಲಿ 1980ರಲ್ಲಿ ಒಳನಾಡಿನ ಕಡೆ ಕಪ್ಪಿನವೇ ಜಾಸ್ತಿ ಇದ್ದವು, 2004ರ ಹೊತ್ತಿಗೆ ಬಿಸಿ ಏರಿದಂತೆ ಬಹಳ ಕಡಿಮೆಯಾದವು. ಅದು ತಲೆಮಾರುಗಳ ಆಯ್ಕೆಯ ಕಥೆ. ನಾನು ಮಾಡಿದ್ದು ಒಂದೇ ತಲೆಮಾರಿನದು.

ನಂದಿ ಬೆಟ್ಟಕ್ಕೂ ಒಯ್ದಿದ್ದೆ. ಜನವರಿ ಬೆಳಿಗ್ಗೆ ಮಂಜು ಬಿಟ್ಟು ಬಿಸಿಲು ಬಿದ್ದಾಗ ಎರಡೂ ಥರದವನ್ನು ಬಂಡೆ ಮೇಲಿಟ್ಟೆ. ಕಪ್ಪಿನವೇ ಮೊದಲು ಕಾಲು ಬಿಚ್ಚಿದವು, ಬೇಗ ಬಿಸಿಯಾಗುತ್ತವಲ್ಲ. ಕಾವಲುಗಾರ ಏನು ಬಿತ್ತನೆ ಸಾರ್ ಅಂದ.

ಹಿಪ್ಪುನೇರಳೆ ಕುಡಿಯನ್ನು ಹಿಟ್ಟುತಿಗಣೆ ಸುರುಟಿಸುವ ತುಕ್ರಾಕ್ಕೆ ಅಂತ ತಂದಿದ್ದ, ಆ ತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ಅನ್ನೋ ಇನ್ನೊಂದು ಗುಲಗಂಜಿ ಹುಳದ ಮೇಲೂ ಕೈಯಾಡಿಸಿದೆ. ಆಸ್ಟ್ರೇಲಿಯಾದಿಂದ 1898ರಲ್ಲೇ ನಮ್ಮ ದೇಶಕ್ಕೆ ಬಂದ ಹುಳ ಅದು. ಕುಂಬಳಕಾಯಿ ಮೇಲೆ ಹಿಟ್ಟುತಿಗಣೆ ಬೆಳೆಸಿ ಸಾಕಿ, ಕೋಶಕ್ಕೆ ತಂಪು ಕೊಟ್ಟೆ. ಕಣ್ಣಿಗೆ ಕಾಣುವಂಥ ಬದಲಾವಣೆ ಏನಿಲ್ಲ. ಕಪ್ಪು ಬೆನ್ನು, ಕಿತ್ತಳೆ ತಲೆ ಹಾಗೇ. ಮುಂಗಾಲು ಕಂದಾದರೆ ಗಂಡು, ಕಪ್ಪಾದರೆ ಹೆಣ್ಣು, ಆ ಗುರುತೂ ಹಾಗೇ. ಎರಡು ಕುಂಬಳಕಾಯಿ ಕೊಳೆತು ನಾರಿದ್ದಷ್ಟೇ ಲಾಭ.

ಎಲ್ಲ ಸೇರಿ ಆರೇಳು ಸಾವಿರ ಆಗಿರಬೇಕು, ನನ್ನ ಕೂಲಿ ಬಿಟ್ಟು. ಈಗ ಮಳೆಗಾಲದ ಹುಳಕ್ಕೆ ಕೈ ಹಾಕಿದ್ದೇನೆ. ಹಗಲು ಇಪ್ಪತ್ತೇಳು, ರಾತ್ರಿ ಇಪ್ಪತ್ತು ಅನ್ನುವಾಗ ಗೆರೆ ಯಾವ ಕಡೆ ವಾಲುತ್ತೆ ಅನ್ನೋದಕ್ಕೆ ಮೊದಲ ತಂಡ ಕೋಶ ಕಟ್ಟಿ ಕೂತಿದೆ.