ರಿಜಿಸ್ಟರ್ ಆದವರೆಲ್ಲ ಎಲೆಕ್ಟ್ರಿಷಿಯನ್ನರಲ್ಲ: ಇಂಗ್ಲೆಂಡಿನಲ್ಲಿ ಮನೆಯ ಕರೆಂಟ್ ಕೆಲಸ, ಹೊಸಬರಿಗೆ

ಊರಿನಲ್ಲಿ ಕರೆಂಟ್ ಕೆಲಸಕ್ಕೆ ಬರುವವರನ್ನು ನಾವು ಮುಖ ನೋಡಿ ನಂಬುತ್ತೇವೆ. ಅಪ್ಪನ ಕಾಲದಿಂದ ಬರುವವರು, ಪಕ್ಕದ ಬೀದಿಯವರು, ಮನೆ ಕಟ್ಟಿದಾಗ ವೈರಿಂಗ್ ಮಾಡಿದವರು. ಆ ನಂಬಿಕೆಯ ಹಿಂದೆ ಕಣ್ಣಿಗೆ ಬೀಳದ ಒಂದು ವ್ಯವಸ್ಥೆಯೂ ಇದೆ: ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಗುತ್ತಿಗೆದಾರರಿಗೆ ಲೈಸೆನ್ಸ್ ಕೊಡುತ್ತದೆ, ಸೂಪರ್‌ವೈಸರ್‌ಗೂ ವೈರ್‌ಮನ್‌ಗೂ ಪರ್ಮಿಟ್ ಕೊಡುತ್ತದೆ. ಈ ಅಭ್ಯಾಸ ಹೊತ್ತು ಇಂಗ್ಲೆಂಡಿಗೆ ಬಂದವರು ಇಲ್ಲಿಯೂ ಎಲೆಕ್ಟ್ರಿಷಿಯನ್ ಎಂಬ ಬೋರ್ಡಿನ ಹಿಂದೆ ಲೈಸೆನ್ಸ್ ಇದ್ದೇ ಇರುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. ಆ ಹೆಸರಿಗೆ ಇಲ್ಲಿ ಕಾನೂನಿನ ಕಾವಲಿಲ್ಲ. ಗ್ಯಾಸ್ ಕೆಲಸಕ್ಕೆ ಗ್ಯಾಸ್ ಸೇಫ್ ನೋಂದಣಿ ಕಡ್ಡಾಯ, ಕರೆಂಟಿಗೆ ಅಂಥದ್ದಿಲ್ಲ. ವ್ಯಾನಿನ ಮೇಲೆ ಯಾರು ಬೇಕಾದರೂ ಬರೆಸಿಕೊಳ್ಳಬಹುದು.

ಇರುವುದು ಕಟ್ಟಡ ನಿಯಮಗಳಲ್ಲಿ ಮನೆಯ ವಿದ್ಯುತ್ ಸುರಕ್ಷತೆಯ ಭಾಗವಾದ ಪಾರ್ಟ್ ಪಿ, 2005ರ ಜನವರಿ 1ರಿಂದ. ಇಂಗ್ಲೆಂಡಿನಲ್ಲಿ 2013ರಲ್ಲಿ ಅದನ್ನು ಸಡಿಲಿಸಿದ ಮೇಲೆ ಸ್ಥಳೀಯ ಆಡಳಿತಕ್ಕೆ ತಿಳಿಸಲೇಬೇಕಾದ ಕೆಲಸ ಮುಖ್ಯವಾಗಿ ಮೂರು: ಹೊಸ ಸರ್ಕ್ಯೂಟ್ ಎಳೆಯುವುದು, ಕನ್ಸ್ಯೂಮರ್ ಯುನಿಟ್ (ನಮ್ಮ ಮಾತಿನಲ್ಲಿ ಫ್ಯೂಸ್ ಬೋರ್ಡ್) ಬದಲಿಸುವುದು, ಸ್ನಾನದ ಜಾಗದ ಸುತ್ತಲಿನ ವಲಯದಲ್ಲಿ ಏನಾದರೂ ಸೇರಿಸುವುದು, ಬದಲಿಸುವುದು. ವೇಲ್ಸ್‌ನಲ್ಲಿ ನಿಯಮ ಇನ್ನೂ ಬಿಗಿ, ಸ್ಕಾಟ್ಲೆಂಡಿನದು ಬೇರೆಯೇ ವ್ಯವಸ್ಥೆ, ಉತ್ತರ ಐರ್ಲೆಂಡಿನಲ್ಲಿ ಪಾರ್ಟ್ ಪಿ ಇಲ್ಲ. ಎನ್‌ಐಸಿಇಐಸಿ, ನ್ಯಾಪಿಟ್‌ನಂಥ ಸಂಸ್ಥೆಗಳಲ್ಲಿ ನೋಂದಾಯಿಸಿದವರು ತಮ್ಮ ಕೆಲಸಕ್ಕೆ ತಾವೇ ಪ್ರಮಾಣಪತ್ರ ಕೊಡಬಹುದು. ಅವರಲ್ಲಿ ಮನೆಗಳ ಕರೆಂಟ್ ಕೆಲಸಕ್ಕೆ ಮಾತ್ರ ನೋಂದಾಯಿಸಿದವರನ್ನೇ ಡೊಮೆಸ್ಟಿಕ್ ಇನ್‌ಸ್ಟಾಲರ್ ಅನ್ನುವುದು.

ಹಾಗಾದರೆ ಅವರು ಕ್ವಾಲಿಫೈಡ್ ಎಲೆಕ್ಟ್ರಿಷಿಯನ್ನರೇ? ನಮ್ಮ ಉತ್ತರ ಸ್ಪಷ್ಟ: ಆ ನೋಂದಣಿ ಒಂದರಿಂದಲೇ ಅಲ್ಲ. ಈ ದೇಶದಲ್ಲಿ ಕಸುಬಿನವರು ಎಲೆಕ್ಟ್ರಿಷಿಯನ್ ಎಂದು ಒಪ್ಪುವುದು ಮೂರು–ನಾಲ್ಕು ವರ್ಷ ಕೆಲಸ ಮಾಡುತ್ತ ಕಲಿತು, ಲೆವೆಲ್ 3 ಎನ್‌ವಿಕ್ಯೂ (ಕೆಲಸದ ಜಾಗದಲ್ಲೇ ಸಾಬೀತುಪಡಿಸುವ ವೃತ್ತಿ ಅರ್ಹತೆ) ಮುಗಿಸಿ, ಎಎಂ2 ಎಂಬ ಪ್ರಾಯೋಗಿಕ ಪರೀಕ್ಷೆ ಪಾಸಾದವರನ್ನು. ಆ ಪರೀಕ್ಷೆಯಲ್ಲಿ ಎರಡು–ಮೂರು ದಿನ ವೈರಿಂಗ್ ಮಾಡಿಸುತ್ತಾರೆ, ಟೆಸ್ಟ್ ಮಾಡಿಸುತ್ತಾರೆ, ಬೇಕೆಂದೇ ಇಟ್ಟ ದೋಷಗಳನ್ನು ಹುಡುಕಿಸುತ್ತಾರೆ. ಅದಾದ ಮೇಲೆ ಅರ್ಹ ಎಲೆಕ್ಟ್ರಿಷಿಯನ್ ಎಂದು ತೋರಿಸುವ ಇಸಿಎಸ್ ಗೋಲ್ಡ್ ಕಾರ್ಡ್. ಇನ್ನೊಂದು ದಾರಿಯಲ್ಲಿ ಕೆಲವೇ ದಿನ, ಕೆಲವೇ ವಾರಗಳ ಕೋರ್ಸ್ ಮಾಡಿ ಡೊಮೆಸ್ಟಿಕ್ ಇನ್‌ಸ್ಟಾಲರ್ ಆಗಿ ಸೇರಿದವರು ಬಹಳ ವರ್ಷಗಳಿಂದ ಇದ್ದಾರೆ. ಈಚೆಗೆ ಹೊಸದಾಗಿ ಸೇರುವವರಿಗೆ ಲೆವೆಲ್ 3 ಬೇಕೆಂಬ ಷರತ್ತು ಬಿಗಿಯಾಗಿದೆ, ಆದರೆ ಹಿಂದೆ ಸೇರಿದವರು ಇನ್ನೂ ಕೆಲಸದಲ್ಲಿದ್ದಾರೆ. ಇನ್ನೊಂದು ಮುಖವನ್ನೂ ಹೇಳಬೇಕು. ಎಲ್ಲ ಅರ್ಹತೆ ಇದ್ದೂ ಮನೆಗಳಲ್ಲೇ ಕೆಲಸ ಮಾಡುವ ಕಾರಣಕ್ಕೆ ಈ ವರ್ಗದಲ್ಲಿ ನೋಂದಾಯಿಸಿಕೊಂಡ ಅತ್ಯುತ್ತಮ ಕೆಲಸಗಾರರೂ ಇದ್ದಾರೆ. ಹಾಗಾಗಿ ಲೋಗೋ ನೋಡಿ ತೀರ್ಮಾನಕ್ಕೆ ಬರುವ ಹಾಗಿಲ್ಲ, ಆಸಾಮಿಯನ್ನೇ ಕೇಳಬೇಕು. ನೋಂದಣಿ ಸಾಮಾನ್ಯವಾಗಿ ಕೆಲಸ ಹಿಡಿಯುವ ಕಂಪನಿಯ ಹೆಸರಿನಲ್ಲಿರುತ್ತದೆ; ಪರೀಕ್ಷೆಗೆ ನಿಂತವರು ಅಲ್ಲಿನ ಮೇಲ್ವಿಚಾರಕರು, ನಿಮ್ಮ ಮನೆ ಬಾಗಿಲಿಗೆ ಬಂದವರು ಬೇರೆ ಯಾರೋ ಇರಬಹುದು.

ಇದು ಕಾಗದದ ಜಗಳವಲ್ಲ. ಎರಡು ಉದಾಹರಣೆ ಸಾಕು.

ಇಲ್ಲಿನ ಮನೆಗಳಲ್ಲಿ ಹೆಚ್ಚಾಗಿ ಸಾಕೆಟ್‌ಗಳಿಗೆ ಹೋಗುವುದು ರಿಂಗ್ ಸರ್ಕ್ಯೂಟ್. ಬೋರ್ಡಿನಿಂದ ಹೊರಟ 2.5 ಚದರ ಮಿ.ಮೀ. ಕೇಬಲ್ ಎಲ್ಲ ಸಾಕೆಟ್‌ಗಳನ್ನೂ ಸುತ್ತಿ ಮತ್ತೆ ಬೋರ್ಡಿಗೇ ಬರುತ್ತದೆ, ಕರೆಂಟ್ ಎರಡೂ ಕಡೆಯಿಂದ ಹಂಚಿಕೊಂಡು ಹರಿಯುತ್ತದೆ. ಆ ಧೈರ್ಯದ ಮೇಲೆಯೇ ಅಷ್ಟು ತೆಳು ಕೇಬಲ್‌ಗೆ 32 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಹಾಕಿರುವುದು. ನಡುವೆ ಎಲ್ಲೋ ಒಂದು ಸ್ಕ್ರೂ ಸಡಿಲವಾಗಿ ರಿಂಗ್ ಕಡಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಅದೇ ಅಪಾಯ. ಎಲ್ಲ ಸಾಕೆಟ್ ಮೊದಲಿನಂತೆಯೇ ಕೆಲಸ ಮಾಡುತ್ತವೆ. ಆದರೆ ಕೆಟಲ್, ವಾಷಿಂಗ್ ಮಷಿನ್, ಹೀಟರ್ ಎಲ್ಲದರ ಭಾರ ಒಂದೇ ಕಾಲಿನ ಮೇಲೆ ಬಿದ್ದು ಗೋಡೆಯೊಳಗೆ ಕೇಬಲ್ ಕಾಯುತ್ತದೆ, ಎಂಸಿಬಿ ಟ್ರಿಪ್ ಆಗುವುದಿಲ್ಲ. ಇದು ಗೊತ್ತಾಗುವುದು ಮೀಟರ್ ಹಿಡಿದವರಿಗೆ ಮಾತ್ರ. ಬೋರ್ಡಿನಲ್ಲಿ ರಿಂಗಿನ ಎರಡೂ ತುದಿ ಬಿಚ್ಚಿ ಅಳೆದಾಗ 60 ಮೀಟರ್ ರಿಂಗಿಗೆ ಲೈವ್ ತಂತಿಯಲ್ಲಿ ಸುಮಾರು 0.44 ಓಮ್ ಬರಬೇಕು, ನ್ಯೂಟ್ರಲ್‌ನಲ್ಲೂ ಅಷ್ಟೇ. ಅರ್ತ್ ತಂತಿ 1.5 ಚದರ ಮಿ.ಮೀ. ಆದ್ದರಿಂದ ಅದರಲ್ಲಿ ಸುಮಾರು 0.73. ಆಮೇಲೆ ಲೈವ್, ನ್ಯೂಟ್ರಲ್ ತುದಿಗಳನ್ನು ಅದಲುಬದಲು ಜೋಡಿಸಿ ಒಂದೊಂದೇ ಸಾಕೆಟ್‌ನಲ್ಲಿ ನೋಡಿದರೆ ಎಲ್ಲ ಕಡೆ ಹೆಚ್ಚುಕಡಿಮೆ 0.22. ಒಂದು ಕಡೆ ಮಾತ್ರ ಹೆಚ್ಚು ಬಂದರೆ ಅಲ್ಲಿ ಸಡಿಲ ಜೋಡಣೆಯೋ, ರಿಂಗಿನಿಂದ ಹೊರಗೆ ಎಳೆದ ಕವಲೋ ಇದೆ. ಸಾಕೆಟ್‌ಗೆ ಚುಚ್ಚುವ ಮೂರು ದೀಪದ ಟೆಸ್ಟರ್ ಇದನ್ನು ಹೇಳಲಾರದು.

ಎರಡನೆಯದು ಮೆಟ್ಟಿಲ ಮೇಲಿನ ದೀಪ. ಅನೇಕ ಹಳೆಯ ಮನೆಗಳಲ್ಲಿ ಕೆಳಗಿನಿಂದಲೂ ಮೇಲಿನಿಂದಲೂ ಹಾಕಬಹುದಾದ ಆ ದೀಪಕ್ಕೆ ಲೈವ್ ಕೆಳಮಹಡಿಯ ಸರ್ಕ್ಯೂಟಿನಿಂದ, ನ್ಯೂಟ್ರಲ್ ಮೇಲ್ಮಹಡಿಯದರಿಂದ ಬಂದಿರುತ್ತದೆ. ಹಳೆಯ ಫ್ಯೂಸ್ ಬೋರ್ಡಿಗೆ ಇದು ತಿಳಿಯುತ್ತಿರಲಿಲ್ಲ. ಪ್ರತಿ ಸರ್ಕ್ಯೂಟಿಗೂ 30 ಮಿಲಿಆಂಪಿಯರ್‌ನ ಆರ್‌ಸಿಬಿಒ (ಕರೆಂಟ್ ಮಿತಿ ಮೀರಿದರೂ, ಹೋದಷ್ಟು ವಾಪಸು ಬಾರದಿದ್ದರೂ ಬೀಳುವ ಸ್ವಿಚ್) ಇರುವ ಹೊಸ ಬೋರ್ಡ್ ಹಾಕಿದ ದಿನ ಮೆಟ್ಟಿಲ ದೀಪ ಹಾಕಿದರೆ ಸಾಕು, ಟ್ರಿಪ್. ಹೋದ ಕರೆಂಟ್ ಅದೇ ದಾರಿಯಲ್ಲಿ ವಾಪಸು ಬಾರದ್ದನ್ನು ಅದು ಸರಿಯಾಗಿಯೇ ಹಿಡಿದಿದೆ. ಪಳಗಿದವರು ಬೋರ್ಡ್ ಬದಲಿಸುವ ಮುಂಚೆಯೇ ಟೆಸ್ಟ್ ಮಾಡಿ ಇದನ್ನು ಕಂಡುಹಿಡಿದು, ತಿದ್ದುವ ಖರ್ಚನ್ನೂ ಮೊದಲೇ ಹೇಳುತ್ತಾರೆ. ಬೋರ್ಡ್ ಕೂರಿಸುವುದಷ್ಟೇ ಬಲ್ಲವರು ಸಂಜೆ ಆರಕ್ಕೆ ಆರ್‌ಸಿಬಿಒ ತೆಗೆದು ಬರಿಯ ಎಂಸಿಬಿ ಹಾಕಿ ಹೊರಡುತ್ತಾರೆ. ಮುಂದೊಂದು ದಿನ ಮೇಲ್ಮಹಡಿಯ ಸರ್ಕ್ಯೂಟ್ ಆಫ್ ಮಾಡಿ ನ್ಯೂಟ್ರಲ್ ಬಿಚ್ಚಿದವರಿಗೆ ಆ ದೀಪದ ಮೂಲಕ ಶಾಕ್ ಹೊಡೆಯುತ್ತದೆ.

ಆದ್ದರಿಂದ ಕೆಲಸ ನೋಡಿ ಜನರನ್ನು ಕರೆಯಿರಿ. ಒಂದು ಸಾಕೆಟ್ ಸೇರಿಸಲು, ಎಕ್ಸಾಸ್ಟ್ ಫ್ಯಾನ್ ಬದಲಿಸಲು, ನೀರು ಕಾಯಿಸುವ ಹೊಸ ಎಲೆಕ್ಟ್ರಿಕ್ ಶವರ್‌ಗೆ ಸರ್ಕ್ಯೂಟ್ ಎಳೆಯಲು ಒಳ್ಳೆಯ ಡೊಮೆಸ್ಟಿಕ್ ಇನ್‌ಸ್ಟಾಲರ್ ಧಾರಾಳ ಸಾಕು. ಹಳೆಯ ಮನೆಯ ಬೋರ್ಡ್ ಬದಲಾವಣೆ, ಕಾರಣ ತಿಳಿಯದೆ ಆಗುವ ಟ್ರಿಪ್, ಇಡೀ ಮನೆಯ ತಪಾಸಣೆ, ಕಾರ್ ಚಾರ್ಜರ್ ಇವಕ್ಕೆ ಪೂರ್ತಿ ಅರ್ಹತೆ ಇರುವವರೇ ಬೇಕು. ಫೋನಿನಲ್ಲೇ ಕೇಳಿ: ಕೆಲಸಕ್ಕೆ ಬರುವವರು ನೀವೇನಾ? ಎನ್‌ವಿಕ್ಯೂ ಲೆವೆಲ್ 3, ಎಎಂ2 ಆಗಿದೆಯಾ? ತಪಾಸಣೆ ಕೆಲಸವಾದರೆ ಸಿಟಿ ಅಂಡ್ ಗಿಲ್ಡ್ಸ್ 2391 (ತಪಾಸಣೆ, ಟೆಸ್ಟಿಂಗ್‌ನ ಅರ್ಹತೆ) ಆಗಿದೆಯಾ? ಬಿಎಸ್ 7671 ಎಂಬ ಇಲ್ಲಿನ ವೈರಿಂಗ್ ನಿಯಮಗಳ ಈಗಿನ ತಿದ್ದುಪಡಿಯ ಪ್ರಕಾರ ಸರ್ಟಿಫಿಕೇಟ್ ಕೊಡುತ್ತೀರಾ? ಇದನ್ನು ಕೇಳಲು ನಮ್ಮವರಿಗೆ ಸಂಕೋಚ. ಮನೆಗೆ ಬಂದವರಿಗೆ ಮೊದಲು ಕಾಫಿ ಕೊಟ್ಟು ಅಭ್ಯಾಸವಾದವರಿಗೆ ಸರ್ಟಿಫಿಕೇಟ್ ತೋರಿಸಿ ಅನ್ನುವುದು ಅವಮಾನದಂತೆ ಅನ್ನಿಸುತ್ತದೆ. ಇಲ್ಲಿ ಅದು ಅವಮಾನವಲ್ಲ. ಕಷ್ಟಪಟ್ಟು ಕಲಿತವರು ಆ ಪ್ರಶ್ನೆಗೆ ಸಂತೋಷದಿಂದಲೇ ಉತ್ತರಿಸುತ್ತಾರೆ.

ಕಾಗದಗಳು: ದೊಡ್ಡ ಕೆಲಸಕ್ಕೆ ಇಐಸಿ (ಎಲೆಕ್ಟ್ರಿಕಲ್ ಇನ್‌ಸ್ಟಲೇಶನ್ ಸರ್ಟಿಫಿಕೇಟ್), ಸಣ್ಣದಕ್ಕೆ ಮೈನರ್ ವರ್ಕ್ಸ್ ಸರ್ಟಿಫಿಕೇಟ್, ತಿಳಿಸಬೇಕಾದ ಕೆಲಸಕ್ಕೆ ಕಟ್ಟಡ ನಿಯಮ ಪಾಲನೆಯ ಪತ್ರ. ಮೂರನ್ನೂ ಎತ್ತಿಡಿ, ಮನೆ ಮಾರುವಾಗ ವಕೀಲರು ಕೇಳುತ್ತಾರೆ.

ಬಾಡಿಗೆಗೆ ಇರುವವರಿಗೆ ಮುಖ್ಯವಾದದ್ದು ಇಐಸಿಆರ್ ಎಂಬ ತಪಾಸಣಾ ವರದಿ. 2020ರ ನಿಯಮದ ಪ್ರಕಾರ ಇಂಗ್ಲೆಂಡಿನಲ್ಲಿ ಮನೆ ಮಾಲೀಕರು ಕನಿಷ್ಠ 5 ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಿಸಬೇಕು, ನೀವು ಮನೆಯೊಳಗೆ ಕಾಲಿಡುವ ಮುಂಚೆ ಪ್ರತಿ ಕೊಡಬೇಕು. ವರದಿಯಲ್ಲಿ ದೋಷಗಳಿಗೆ ಕೋಡ್ ಹಾಕಿರುತ್ತಾರೆ: ಸಿ1 ಎಂದರೆ ಈಗಲೇ ಅಪಾಯ, ಸಿ2 ಎಂದರೆ ಅಪಾಯಕ್ಕೆ ಎಡೆ, ಎಫ್‌ಐ ಎಂದರೆ ಇನ್ನೂ ಪರೀಕ್ಷಿಸಬೇಕು. ಈ ಮೂರರಲ್ಲಿ ಯಾವುದಿದ್ದರೂ 28 ದಿನದೊಳಗೆ ಮುಂದಿನ ಕ್ರಮ ಆಗಬೇಕು, ವರದಿ ಇನ್ನೂ ಬೇಗ ಮಾಡಿ ಎಂದಿದ್ದರೆ ಅಷ್ಟರೊಳಗೆ. ಸಿ3 ಬರಿಯ ಸಲಹೆ. ವರದಿ ಕೈಗೆ ಬಂದಾಗ ಕೊನೆಯ ಪುಟಗಳ ಪಟ್ಟಿ ನೋಡಿ. ಪ್ರತಿ ಸರ್ಕ್ಯೂಟಿನ ಎದುರು ಅಳತೆಗಳಿರಬೇಕು, ಆರ್‌ಸಿಡಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಎಷ್ಟು ಮಿಲಿಸೆಕೆಂಡಿನಲ್ಲಿ ಬಿತ್ತು ಎಂದಿರಬೇಕು, 300 ದಾಟಿರಬಾರದು. ಎಲ್ಲ ಸರ್ಕ್ಯೂಟಿಗೂ ಒಂದೇ ಅಂಕಿ, ಅಥವಾ ಖಾಲಿ ಖಾನೆಗಳು ಇದ್ದರೆ ಯಾರೂ ಮೀಟರ್ ಹಿಡಿದಿಲ್ಲ ಎಂದೇ ತಿಳಿಯಿರಿ. ಮೂರು ಬೆಡ್‌ರೂಮಿನ ಮನೆಯ ಸರಿಯಾದ ತಪಾಸಣೆಗೆ ಅರ್ಧ ದಿನ ಹಿಡಿಯುತ್ತದೆ.

ಇನ್ನು ನಮ್ಮ ಕೈಯಾರೆ ನಾವು ಮಾಡುವ ತಪ್ಪುಗಳು. ಇವು ಪ್ರತಿ ವರ್ಷ ಹೊಸಬರ ಮನೆಗಳಲ್ಲಿ ಮರುಕಳಿಸುವುದನ್ನು ಕಂಡು ಸಂಕಟವಾಗುತ್ತದೆ.

ಮೊದಲನೆಯದು ಸೀಲಿಂಗ್ ದೀಪ. ಊರಿನಲ್ಲಿ ಸ್ವಿಚ್ ಬೋರ್ಡಿನಿಂದ ಪೈಪಿನೊಳಗೆ ದೀಪದ ಪಾಯಿಂಟಿಗೆ ಬರುವುದು ಎರಡೇ ತಂತಿ. ಇಲ್ಲಿ ಬಹಳ ಕಡೆ ಹಳೆಯ ದೀಪ ಬಿಚ್ಚಿದರೆ ಮೂರು ಕೇಬಲ್ ಇಳಿಬೀಳುತ್ತವೆ: ಒಂದು ಬರುವ ಕರೆಂಟ್, ಒಂದು ಮುಂದಿನ ದೀಪಕ್ಕೆ ಹೋಗುವುದು, ಒಂದು ಸ್ವಿಚ್ಚಿಗೆ ಇಳಿಯುವುದು. ಆ ಮೂರನೆಯದರ ಕಪ್ಪು ಅಥವಾ ನೀಲಿ ತಂತಿ ನ್ಯೂಟ್ರಲ್ ಅಲ್ಲ, ಸ್ವಿಚ್ಚಿನಿಂದ ವಾಪಸು ಬಂದ ಲೈವ್. ನೀಲಿಯೆಲ್ಲ ಒಟ್ಟಿಗೆ, ಕಂದು ಬಣ್ಣದ್ದೆಲ್ಲ ಒಟ್ಟಿಗೆ ಎಂದು ಕಟ್ಟಿದರೆ ದೀಪ ಸದಾ ಉರಿಯುತ್ತದೆ, ಸ್ವಿಚ್ ಒತ್ತಿದ ಕ್ಷಣ ಶಾರ್ಟ್. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಒಂದೊಂದು ತಂತಿಗೂ ಟೇಪ್ ಸುತ್ತಿ ಗುರುತು ಹಾಕಿ.

ಎರಡನೆಯದು ಬಣ್ಣ. ನಮ್ಮಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಇಲ್ಲಿ 2006ರ ಏಪ್ರಿಲ್‌ನಿಂದ ಮನೆಯ ಹೊಸ ವೈರಿಂಗಿನಲ್ಲಿ ಕಂದು ಲೈವ್, ನೀಲಿ ನ್ಯೂಟ್ರಲ್. ಆದರೆ ಮೆಟ್ಟಿಲ ಸ್ವಿಚ್ಚಿನ ಹಳೆಯ ಮೂರು ತಂತಿಯ ಕೇಬಲ್‌ನಲ್ಲಿ ನೀಲಿಯೂ ಲೈವ್ ಆಗುತ್ತದೆ, ಹೊಸದರಲ್ಲಿ ಕಪ್ಪೂ ಲೈವ್ ಆಗುತ್ತದೆ. ಕಣ್ಣಿನ ಅಭ್ಯಾಸ ಕೈ ಸುಡುತ್ತದೆ. ಸ್ಕ್ರೂಡ್ರೈವರ್‌ನಂಥ ನಮ್ಮ ಟೆಸ್ಟರ್‌ನ ಪುಟ್ಟ ದೀಪ ಹತ್ತಲಿಲ್ಲ ಎಂದು ಲೈನ್ ಸತ್ತಿದೆ ಅಂದುಕೊಳ್ಳಬೇಡಿ. ಎರಡು ಮೊನೆಯ ವೋಲ್ಟೇಜ್ ಟೆಸ್ಟರ್ ತಂದು, ಕರೆಂಟ್ ಇರುವ ಕಡೆ ಮೊದಲು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ, ಮತ್ತೆ ಕರೆಂಟ್ ಇರುವ ಕಡೆ ನೋಡಿ.

ಮೂರನೆಯದು ಮಿಕ್ಸಿ. ಇಲ್ಲಿಯೂ 230 ವೋಲ್ಟ್, 50 ಹರ್ಟ್ಜ್, ಹಾಗಾಗಿ ಊರಿನ ಮಿಕ್ಸಿ, ಗ್ರೈಂಡರ್ ಚೆನ್ನಾಗಿ ಓಡುತ್ತವೆ. ಎಲ್ಲ ದೇಶದ ಪಿನ್ನೂ ಹೊಗುವ ಅಡಾಪ್ಟರ್ ಮಾತ್ರ ಬೇಡ. ಹಲವಕ್ಕೆ ಫ್ಯೂಸ್ ಇರುವುದಿಲ್ಲ, ಅರ್ತ್ ಸರಿಯಾಗಿ ಕೂರುವುದಿಲ್ಲ. ಊರಿನ ಪ್ಲಗ್ ಕತ್ತರಿಸಿ ಇಲ್ಲಿನ ಬಿಎಸ್ 1363 ಪ್ಲಗ್ ಹಾಕಿ. ಮುಚ್ಚಳ ತೆಗೆದು ಅರ್ತ್ ಪಿನ್ ಮೇಲೆ ಬರುವಂತೆ ಹಿಡಿದರೆ ಬಲಕ್ಕೆ, ಫ್ಯೂಸಿನ ಕಡೆ, ಕಂದು (ಹಳೆಯ ವೈರಿನಲ್ಲಿ ಕೆಂಪು), ಎಡಕ್ಕೆ ನೀಲಿ (ಹಳೆಯದರಲ್ಲಿ ಕಪ್ಪು), ಮೇಲೆ ಹಸಿರು. ಅರ್ತ್ ತಂತಿಯನ್ನು ಸ್ವಲ್ಪ ಉದ್ದ ಬಿಡಿ, ವೈರ್ ಎಳೆದರೆ ಅದು ಕೊನೆಗೆ ಕಳಚಬೇಕು. ಹೊರಗಿನ ಹೊದಿಕೆಯನ್ನೇ ಕ್ಲಾಂಪ್ ಕಚ್ಚಿರಬೇಕು. 750 ವಾಟ್ ಮಿಕ್ಸಿ ಸುಮಾರು 3.3 ಆಂಪಿಯರ್ ಎಳೆಯುತ್ತದೆ, 3ರ ಫ್ಯೂಸ್ ಸಾಲದು, 5ರದು ಹಾಕಿ. ಅಂಗಡಿಯ ಪ್ಲಗ್ಗಿನಲ್ಲಿ ಬಂದ 13ರದನ್ನು ಹಾಗೇ ಬಿಡುವುದು ಸಾಮಾನ್ಯ ತಪ್ಪು. ಬಕೆಟ್ಟಿನಲ್ಲಿ ಇಡುವ ನೀರು ಕಾಯಿಸುವ ರಾಡ್ ಊರಿನಲ್ಲೇ ಇರಲಿ.

ಊರಿನಲ್ಲಿ ಐಟಿಐ ಮುಗಿಸಿ ವರ್ಷಗಟ್ಟಲೆ ಕೆಲಸ ಮಾಡಿ ಸಂಗಾತಿಯ ವೀಸಾ ಮೇಲೆ ಬಂದವರಿಗೆ ಒಂದು ಮಾತು. ಶಾರ್ಟ್ ಕೋರ್ಸಿಗೆ ದುಡ್ಡು ಸುರಿಯಬೇಡಿ. ಕನಿಷ್ಠ 5 ವರ್ಷ ಅನುಭವ ಇರುವವರಿಗೆ ಎಕ್ಸ್‌ಪೀರಿಯನ್ಸ್ಡ್ ವರ್ಕರ್ ಅಸೆಸ್‌ಮೆಂಟ್ ಇದೆ. ಬಿಎಸ್ 7671ರ ಪರೀಕ್ಷೆ, ನಿಜವಾದ ಕೆಲಸದ ಸಾಕ್ಷ್ಯ, ಕೊನೆಗೆ ಅನುಭವಿಗಳಿಗೆಂದೇ ಇರುವ ಎಎಂ2 ಪರೀಕ್ಷೆ, ಎಎಂ2ಇ. ಮೊದಲ ಒಂದೆರಡು ವರ್ಷ ಇನ್ನೊಬ್ಬರ ಕೈಕೆಳಗೆ ಮೇಟ್, ಅಂದರೆ ಸಹಾಯಕ, ಆಗಿ ಇರಬೇಕಾಗುತ್ತದೆ. ಇಪ್ಪತ್ತು ವರ್ಷ ಮೇಸ್ತ್ರಿಯಾಗಿದ್ದವರಿಗೆ ಅದು ನೋವಿನ ಮಾತು, ಆದರೆ ಅದೇ ಗಟ್ಟಿ ದಾರಿ.

ಮಕ್ಕಳ ವಿಷಯದಲ್ಲಂತೂ ನಾವು ಅನ್ಯಾಯ ಮಾಡುತ್ತಿದ್ದೇವೆ. ಆಯುಧಪೂಜೆಗೆ ಕಟಿಂಗ್ ಪ್ಲೇಯರ್‌ಗೂ ಕುಂಕುಮ ಇಡುವ ಮನೆಯವರು ನಾವು, ಮಗಳು ಅದನ್ನೇ ಕಸುಬಾಗಿ ಹಿಡಿಯುತ್ತೇನೆ ಅಂದರೆ ಮುಖ ಸಣ್ಣದು ಮಾಡುತ್ತೇವೆ. ಕೈಕೆಲಸಕ್ಕೆ ಇರಬೇಕಾದ ಗೌರವವನ್ನು ನಾವು ಊರಿನಲ್ಲೂ ಕೊಡಲಿಲ್ಲ, ಇಲ್ಲಿಗೂ ತರಲಿಲ್ಲ. 16 ತುಂಬಿ ಜಿಸಿಎಸ್‌ಇ ಮುಗಿದ ಮೇಲೆ ಲೆವೆಲ್ 3 ಅಪ್ರೆಂಟಿಸ್‌ಶಿಪ್ ಸೇರಬಹುದು. ಸುಮಾರು ನಾಲ್ಕು ವರ್ಷ, ಮೊದಲ ದಿನದಿಂದ ಸಂಬಳ, ಕಾಲೇಜಿನ ಶುಲ್ಕ ಇಲ್ಲ. ಗಣಿತ, ಇಂಗ್ಲಿಷ್ ಎರಡರಲ್ಲೂ ಒಳ್ಳೆಯ ಗ್ರೇಡ್ ಕೇಳುತ್ತಾರೆ, ಬಣ್ಣ ಗುರುತಿಸುವ ಕಣ್ಣಿನ ಪರೀಕ್ಷೆ ಮೊದಲೇ ಮಾಡಿಸಿ. ಸೆಪ್ಟೆಂಬರಿನ ಸೀಟುಗಳಿಗೆ ಚಳಿಗಾಲದಲ್ಲೇ ಅರ್ಜಿ ಹಾಕಲು ಶುರುಮಾಡಿ, ಸ್ಥಳೀಯ ಕಾಲೇಜಿನ ಓಪನ್ ಡೇಗೆ ಮಗುವಿನ ಜೊತೆ ನೀವೂ ಹೋಗಿ.