128ರ ಲೆಕ್ಕ: ಹಳೆ ಡ್ರೈವರನ್ನು ಹೊಸ ಕರ್ನಲ್‌ಗೆ ತಂದ ನನ್ನ ಅನುಭವ

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತೂಕದ ಕಂಪ್ಯೂಟರ್ ಕೆಟ್ಟಿತ್ತು. ಮದರ್‌ಬೋರ್ಡ್ ಸುಟ್ಟಿತ್ತು, ಒಳಗಿನ ಪಿಸಿಐ ಕಾರ್ಡ್ ಮಾತ್ರ ಚೆನ್ನಾಗಿತ್ತು. ಅದರಲ್ಲಿ 2 ಎಂಬಿ ಮೆಮೊರಿ, ಪಕ್ಕದಲ್ಲೊಂದು ಬ್ಯಾಟರಿ. ಕರೆಂಟ್ ಹೋದರೂ ಆಗಷ್ಟೇ ತೂಗಿದ ಮೂಟೆಯ ಲೆಕ್ಕ ಅಳಿಸಬಾರದು ಅಂತ ಈ ಕಾರ್ಡ್ ಹಾಕಿದ್ದರು. ಲಿನಕ್ಸ್‌ಗೆ ಅದೊಂದು ಪುಟ್ಟ ಡಿಸ್ಕ್.

ಮಳೆಗಾಲದಲ್ಲಿ ಅಲ್ಲಿ ಕೆಲಸ ಕಡಿಮೆ. ಹಾಗಾಗಿ ಕಾರ್ಡ್ ಮತ್ತು ಹೊಸ ಕಂಪ್ಯೂಟರ್ ಎರಡನ್ನೂ ಮಡಿಕೇರಿಯ ನಮ್ಮ ಮನೆಗೆ ತಂದುಕೊಂಡೆ. ಕಾರ್ಡ್ ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಲಿನಕ್ಸಿನ ತಿರುಳಾದ ಕರ್ನಲ್‌ನ ಹಳೆ 2.6.18 ಆವೃತ್ತಿಗೆ ಬರೆದದ್ದು. ಹೊಸ ಕಂಪ್ಯೂಟರಿನಲ್ಲಿ ಡೆಬಿಯನ್ 12 ಎಂಬ ಲಿನಕ್ಸ್, ಅಂದರೆ 6.1 ಕರ್ನಲ್. ಪುಣ್ಯಕ್ಕೆ ಸೋರ್ಸ್ ಕೋಡ್ ಒಂದು ಸಿಡಿಯಲ್ಲಿ ಉಳಿದಿತ್ತು.

ಮೊದಲ ಸಲ ಕಂಪೈಲ್ ಮಾಡಿದಾಗ ಪರದೆ ತುಂಬ ಎರರ್. ಇದಕ್ಕೆ ಹೆದರಬೇಕಿಲ್ಲ. ಹೆಸರು ಬದಲಾದವು, ತೆಗೆದುಹಾಕಿದವು, ಅಷ್ಟೇ. ಡಿಸ್ಕ್ ತೆರೆಯುವ ಓಪನ್ ಫಂಕ್ಷನ್‌ಗೆ ಮೊದಲು ಇನೋಡ್ (ಫೈಲಿನ ವಿವರದ ದಾಖಲೆ) ಮತ್ತು ಫೈಲ್ ಬರುತ್ತಿದ್ದವು, 6.1ರಲ್ಲಿ ಬ್ಲಾಕ್ ಡಿವೈಸ್ (ಡಿಸ್ಕಿನಂಥ ಸಾಧನ) ಬರುತ್ತದೆ. ಡಿಸ್ಕನ್ನು ಕರ್ನಲ್‌ಗೆ ಸೇರಿಸುವ ಆ್ಯಡ್ ಡಿಸ್ಕ್ ಫಂಕ್ಷನ್ ಈಗ ಎರರ್ ವಾಪಸ್ ಕೊಡುತ್ತದೆ, ಅದನ್ನು ನೋಡಲೇಬೇಕು. ಹಳೆ ಕೋಡ್ ರಿಕ್ವೆಸ್ಟಿನ (ಓದುವ ಅಥವಾ ಬರೆಯುವ ಕೋರಿಕೆಯ) ಬಫರ್ ಪಾಯಿಂಟರನ್ನು, ಅಂದರೆ ಡೇಟಾ ಇರುವ ಜಾಗದ ವಿಳಾಸವನ್ನು, ನೇರವಾಗಿ ಹಿಡಿದು ಕಾಪಿ ಮಾಡುತ್ತಿತ್ತು. ಈಗ ಆ ಪಾಯಿಂಟರೇ ಇಲ್ಲ, ಡೇಟಾವನ್ನು ಒಂದೊಂದು ಸೆಗ್ಮೆಂಟ್ (ತುಂಡು) ಆಗಿ ಕಾಪಿ ಮಾಡುತ್ತಾ ಹೋಗಬೇಕು. ಇದೆಲ್ಲ ಎರಡು ದಿನದ ಕೆಲಸ.

ದೊಡ್ಡ ಬದಲಾವಣೆ ಕ್ಯೂನಲ್ಲಿ, ಅಂದರೆ ಈ ರಿಕ್ವೆಸ್ಟ್‌ಗಳ ಸಾಲಿನಲ್ಲಿದೆ. ಹಳೆ ಪದ್ಧತಿಯಲ್ಲಿ ಡ್ರೈವರ್ ಕ್ಯೂ ಮಾಡಿಕೊಳ್ಳುವಾಗ ಒಂದು ಸ್ಪಿನ್‌ಲಾಕ್ (ಒಂದು ಸಲಕ್ಕೆ ಒಂದೇ ಸಿಪಿಯುವನ್ನು ಒಳಗೆ ಬಿಡುವ ಬೀಗ) ಕೊಡುತ್ತಿತ್ತು. ಕರ್ನಲ್ ಆ ಲಾಕ್ ಹಿಡಿದುಕೊಂಡೇ ನಮ್ಮ ರಿಕ್ವೆಸ್ಟ್ ಫಂಕ್ಷನ್ ಕರೆಯುತ್ತಿತ್ತು. ಕರ್ನಲ್ 3.13ರಲ್ಲಿ ಬ್ಲಾಕ್-ಎಂಕ್ಯೂ ಎಂಬ, ಹಲವು ಕ್ಯೂ ಇಡಬಹುದಾದ ಹೊಸ ಪದ್ಧತಿ ಬಂತು, 5.0ರಲ್ಲಿ ಹಳೆ ದಾರಿ ಪೂರ್ತಿ ಮುಚ್ಚಿತು. ನಾನು ಹೊಸ ರೀತಿಯಲ್ಲಿ ಬರೆದೆ, ಹಾರ್ಡ್‌ವೇರ್ ಕ್ಯೂ ಒಂದೇ ಇಟ್ಟೆ. ಡ್ರೈವರಿನ ಮಾಡ್ಯೂಲ್ ಲೋಡ್ ಆಯಿತು, ಫೈಲ್ ಸಿಸ್ಟಮ್ ಮೌಂಟ್ ಆಯಿತು. ತುಂಬಾ ಖುಷಿಯಾಯಿತು.

ಆದರೂ ಇದು ಬೇರೆಯವರ ಕಾಫಿಯ ತೂಕ, ಅಲ್ವಾ. ಸುಮ್ನೆ ನಂಬಿ ಕೊಡಲು ಮನಸ್ಸಾಗಲಿಲ್ಲ. ಡಿಸ್ಕಿನ ಪ್ರತಿ ಸೆಕ್ಟರ್‌ಗೂ (512 ಬೈಟಿನ ತುಂಡು) ಅದರದೇ ನಂಬರ್ ತುಂಬುವ ಸಣ್ಣ ಪ್ರೋಗ್ರಾಂ ಬರೆದೆ. ಪೇಜ್ ಕ್ಯಾಶ್ (ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ನಕಲು) ಅಡ್ಡ ಬರದಂತೆ ಡೈರೆಕ್ಟ್ ಐಒ, ಅಂದರೆ ನೇರ ಓದು-ಬರಹ ಬಳಸಿದೆ. ಒಂದೇ ಪ್ರೋಗ್ರಾಂ ಓಡಿಸಿದಾಗ ಎಲ್ಲ ಸರಿ. ನಾಲ್ಕು ಒಟ್ಟಿಗೆ ಓಡಿಸಿದೆ. 172ನೇ ಸೆಕ್ಟರ್ ಓದಿದರೆ ಒಳಗೆ 300 ಅಂತಿದೆ! ಇನ್ನೊಂದು ಕಡೆ 1005 ಇರಬೇಕಾದಲ್ಲಿ 1261.

ಈ ನಂಬರ್‌ಗಳನ್ನು ಹಾಳೆಯ ಮೇಲೆ ಬರೆದುಕೊಂಡು ಕಳೆದು ನೋಡಿದೆ. ಒಂದು 128, ಇನ್ನೊಂದು 256. ತಪ್ಪಾದ ಎಲ್ಲ ಕಡೆಯೂ ವ್ಯತ್ಯಾಸ 128ರ ಮಗ್ಗಿಯಲ್ಲೇ ಇತ್ತು. ಆಗ ಹೊಳೆಯಿತು. ಕಾರ್ಡಿನ 2 ಎಂಬಿ ಒಟ್ಟಿಗೆ ಕಾಣುವುದಿಲ್ಲ, ಒಂದು ಸಲಕ್ಕೆ 64 ಕೆಬಿಯ ಒಂದು ಕಿಟಕಿ ಮಾತ್ರ. ಯಾವ ಭಾಗ ಬೇಕೋ ಅದರ ನಂಬರನ್ನು ಕಾರ್ಡಿನ ರಿಜಿಸ್ಟರ್‌ಗೆ ಬರೆದು, ಆಮೇಲೆ ಕಾಪಿ ಮಾಡಬೇಕು. 64 ಕೆಬಿ ಅಂದರೆ 512 ಬೈಟಿನ 128 ಸೆಕ್ಟರ್.

ಒಂದು ಸಿಪಿಯು ಕಿಟಕಿ ತಿರುಗಿಸಿ 300ನೇ ಸೆಕ್ಟರ್ ಬರೆಯುತ್ತಿರುವಾಗ ಇನ್ನೊಂದು ಸಿಪಿಯು ಬಂದು ಅದೇ ಕಿಟಕಿಯನ್ನು ಬೇರೆ ಕಡೆ ತಿರುಗಿಸುತ್ತಿತ್ತು. ಹಳೆ ಕರ್ನಲ್‌ನಲ್ಲಿ ಕ್ಯೂ ಲಾಕ್ ಇದನ್ನು ತಡೆಯುತ್ತಿತ್ತು. ಅದಕ್ಕೇ ಹಳೆ ಡ್ರೈವರಿನಲ್ಲಿ ಕಿಟಕಿಗೆ ಬೇರೆ ಲಾಕ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬ್ಲಾಕ್-ಎಂಕ್ಯೂನಲ್ಲಿ ಕ್ಯೂ ಒಂದೇ ಇದ್ದರೂ ನಮ್ಮ ಫಂಕ್ಷನನ್ನು ಎರಡು ಸಿಪಿಯು ಒಂದೇ ಹೊತ್ತಿಗೆ ಕರೆಯಬಹುದು. ಕಂಪೈಲರ್ ಇದನ್ನು ಹೇಳುವುದಿಲ್ಲ. ಹಳೆ ಡ್ರೈವರ್ ಮುಟ್ಟುವವರು ಮೊದಲು ಇದನ್ನೇ ಹುಡುಕಿ: ಹಳೆ ಲಾಕ್ ಸದ್ದಿಲ್ಲದೆ ಏನೇನು ಕಾಯುತ್ತಿತ್ತು?

ಕಿಟಕಿ ತಿರುಗಿಸುವುದರಿಂದ ಕಾಪಿ ಮುಗಿಯುವವರೆಗೆ ನನ್ನದೇ ಒಂದು ಸ್ಪಿನ್‌ಲಾಕ್ ಹಾಕಿದೆ. ನಾಲ್ಕು ಸಾಲು. ರಾತ್ರಿಯಿಡೀ ಎಂಟು ಪ್ರೋಗ್ರಾಂ ಓಡಿಸಿಟ್ಟೆ, ಬೆಳಿಗ್ಗೆ ಒಂದು ಸೆಕ್ಟರೂ ಅದಲುಬದಲಾಗಿರಲಿಲ್ಲ.

ಕುಶಾಲನಗರಕ್ಕೆ ವಾಪಸ್ ಒಯ್ದಾಗ ತೂಕ ನೋಡಿಕೊಳ್ಳುವ ಹಿರಿಯರು, "ಕರೆಂಟ್ ತೆಗೆದು ತೋರಿಸಿ, ಆಮೇಲೆ ಮಾತು" ಎಂದರು. 50 ಕೆಜಿಯ ಒಂದು ಮೂಟೆ ಇಟ್ಟು ತೂಗಿ, ನಾನೇ ಪ್ಲಗ್ ಎಳೆದೆ. ಮತ್ತೆ ಆನ್ ಮಾಡಿದಾಗ ಆ ತೂಕ ಅಲ್ಲೇ ಇತ್ತು. ಕಾರ್ಡಿನ ಬ್ಯಾಟರಿ ಹಳೆಯದಾಗಿತ್ತು, ಅದನ್ನೂ ಅವತ್ತೇ ಬದಲಿಸಿದೆವು.