ಹೆಸರಿನ ವ್ಯಾಪ್ತಿ ಗುರುತಿಸುವುದು ಹೇಗೆ?

ಪ್ರೋಗ್ರಾಮ್‌ನಲ್ಲಿ ಒಂದು ವೇರಿಯಬಲ್‌ನ (ಮೌಲ್ಯವನ್ನು ಇಟ್ಟುಕೊಳ್ಳುವ ಜಾಗದ) ಹೆಸರು ಎಲ್ಲಿಂದ ಎಲ್ಲಿಯವರೆಗೆ ಚಲಾವಣೆಯಲ್ಲಿರುತ್ತದೆ ಎಂಬುದನ್ನು ತಿಳಿಯಲು, ಇಂದಿನ ಬಹುತೇಕ ಭಾಷೆಗಳಲ್ಲಿ, ಅದನ್ನು ರನ್ ಮಾಡಿ ನೋಡಬೇಕಾಗಿಲ್ಲ. ಕೋಡನ್ನು ಗಮನವಿಟ್ಟು ಓದಿದರೆ ಸಾಕು. ಹೇಳಿಕೆಗಳನ್ನು ಬಿಗಿನ್ ಮತ್ತು ಎಂಡ್ ಪದಗಳ ನಡುವೆ ಬ್ಲಾಕ್ ಆಗಿ ಕಟ್ಟುವ ಕ್ರಮವನ್ನು ಆಲ್ಗಾಲ್ 60 ಭಾಷೆ ರೂಢಿಗೆ ತಂದಿತು. ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಆ ಕೆಲಸವನ್ನು ಕರ್ಲಿ ಬ್ರ್ಯಾಕೆಟ್‌ಗಳು ಮಾಡುತ್ತವೆ.

ಮೊದಲು ಹೆಸರನ್ನು ಘೋಷಿಸಿದ ಸಾಲನ್ನು ಹುಡುಕಿ, ಅದನ್ನು ಸುತ್ತುವರಿದ ಅತಿ ಹತ್ತಿರದ ಬ್ರ್ಯಾಕೆಟ್ ಜೋಡಿಯನ್ನು ಗುರುತಿಸಿ. ಸಿ ಭಾಷೆಯ ಫಂಕ್ಷನ್ ಒಂದರೊಳಗೆ ಘೋಷಿಸಿದ ಹೆಸರಿನ ಸ್ಕೋಪ್, ಅಂದರೆ ವ್ಯಾಪ್ತಿ, ಆ ಘೋಷಣೆಯಿಂದ ಶುರುವಾಗಿ, ಮುಚ್ಚುವ ಬ್ರ್ಯಾಕೆಟ್‌ಗೆ ಮುಗಿಯುತ್ತದೆ.

ಬಳಿಕ, ಹೆಸರನ್ನು ಬಳಸಿದ ಜಾಗದಿಂದ ಒಂದೊಂದೇ ಬ್ಲಾಕ್ ದಾಟುತ್ತ ಹೊರಕ್ಕೆ ಬನ್ನಿ. ಮೊದಲು ಎದುರಾಗುವ ಘೋಷಣೆಯೇ ಅನ್ವಯಿಸುತ್ತದೆ. ಸಿ ಭಾಷೆಯಲ್ಲಿ ಹೊರಗೆ 'ಇಂಟ್ ಮೊತ್ತ = 10' ಎಂದಿದ್ದು (ಇಂಟ್ ಎಂದರೆ ಪೂರ್ಣಾಂಕ), ಇಫ್ ಬ್ಲಾಕ್‌ನೊಳಗೆ 'ಇಂಟ್ ಮೊತ್ತ = 25' ಎಂದು ಮತ್ತೆ ಘೋಷಿಸಿದ್ದರೆ, ಬ್ಲಾಕ್‌ನೊಳಗೆ 25 ಮುದ್ರಣವಾಗುತ್ತದೆ, ಬ್ಲಾಕ್ ಮುಗಿದ ಮೇಲೆ 10. ಒಳಗಿನ ಸಾಲಿನಲ್ಲಿ 'ಇಂಟ್' ಒಂದನ್ನು ಅಳಿಸಿ ನೋಡಿ: ಅದು ಹೊಸ ಘೋಷಣೆಯಾಗಿ ಉಳಿಯದೆ ಹೊರಗಿನ ಮೊತ್ತವನ್ನೇ ಬದಲಿಸುವುದರಿಂದ, ಎರಡೂ ಕಡೆ 25 ಬರುತ್ತದೆ. ಲೋಕಲ್ ವೇರಿಯಬಲ್‌ನ, ಅಂದರೆ ಫಂಕ್ಷನ್‌ನೊಳಗಿನ ವೇರಿಯಬಲ್‌ನ, ಹೆಸರನ್ನು ಒಳಗಿನ ಬ್ಲಾಕ್‌ನಲ್ಲಿ ಹೀಗೆ ಮತ್ತೆ ಘೋಷಿಸುವುದನ್ನು ಜಾವಾ ಕಂಪೈಲರ್ ಒಪ್ಪುವುದೇ ಇಲ್ಲ. ಅದು ವಿವೇಕದ ನಿರ್ಬಂಧವೆಂದೇ ಹೇಳಬೇಕು.

ಜಾವಾಸ್ಕ್ರಿಪ್ಟ್‌ನಲ್ಲಿ ಘೋಷಣೆಯ ಪದವನ್ನೂ ನೋಡಬೇಕು. 'ವಾರ್' ಬ್ಲಾಕನ್ನು ಲೆಕ್ಕಿಸದೆ ಇಡೀ ಫಂಕ್ಷನ್‌ಗೆ ವ್ಯಾಪಿಸುತ್ತದೆ. 2015ರ ಆವೃತ್ತಿಯಲ್ಲಿ ಬಂದ 'ಲೆಟ್' ಮತ್ತು 'ಕಾನ್ಸ್ಟ್' ಬ್ಲಾಕ್‌ನೊಳಗೇ ಉಳಿಯುತ್ತವೆ. 0ಯಿಂದ 2ರವರೆಗೆ ಎಣಿಸುವ ಫಾರ್ ಲೂಪ್‌ನಲ್ಲಿ, ಎಣಿಕೆಯನ್ನು ಸ್ವಲ್ಪ ತಡವಾಗಿ ಮುದ್ರಿಸುವಂತೆ ಸೆಟ್‌ಟೈಮ್‌ಔಟ್ ಬಳಸಿದರೆ, 'ವಾರ್' ಇದ್ದಾಗ ಮೂರು ಬಾರಿಯೂ 3 ಬರುತ್ತದೆ, ಏಕೆಂದರೆ ಇರುವುದು ಒಂದೇ ವೇರಿಯಬಲ್ ಮತ್ತು ಮುದ್ರಣದ ಹೊತ್ತಿಗೆ ಲೂಪ್ ಮುಗಿದಿರುತ್ತದೆ. 'ಲೆಟ್' ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಕೊಡುವುದರಿಂದ 0, 1, 2 ಬರುತ್ತವೆ.

ಪೈಥಾನ್‌ನಲ್ಲಿ ಇಂಡೆಂಟೇಶನ್ (ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗ) ಬ್ಲಾಕನ್ನು ರಚಿಸುತ್ತದೆಯಾದರೂ ಇಫ್ ಅಥವಾ ಫಾರ್ ಬ್ಲಾಕ್‌ಗೆ ಸ್ವಂತ ಸ್ಕೋಪ್ ಇಲ್ಲ, ಫಂಕ್ಷನ್‌ಗೆ ಇದೆ. ಫಂಕ್ಷನ್‌ನೊಳಗೆ ಎಲ್ಲೇ ಒಂದು ಹೆಸರಿಗೆ ಮೌಲ್ಯ ಕೊಟ್ಟರೂ ಆ ಹೆಸರು ಇಡೀ ಫಂಕ್ಷನ್‌ಗೆ ಲೋಕಲ್ ಆಗುತ್ತದೆ. ಆದ್ದರಿಂದ ಹೊರಗಿನ ಎಣಿಕೆಗೆ ಒಳಗಿನಿಂದ 1 ಕೂಡಿಸಹೊರಟರೆ ಅನ್‌ಬೌಂಡ್‌ಲೋಕಲ್‌ಎರರ್, ಅಂದರೆ ಮೌಲ್ಯ ಸಿಗುವ ಮೊದಲೇ ಲೋಕಲ್ ಹೆಸರನ್ನು ಬಳಸಿದ ದೋಷ, ಎದುರಾಗುತ್ತದೆ. ಆ ಎಣಿಕೆ ಮಾಡ್ಯೂಲ್ ಮಟ್ಟದ್ದಾದರೆ (ಯಾವ ಫಂಕ್ಷನ್‌ನೊಳಗೂ ಇಲ್ಲದ್ದಾದರೆ) ಫಂಕ್ಷನ್‌ನ ಮೊದಲಲ್ಲೇ 'ಗ್ಲೋಬಲ್' ಎಂದೂ, ಹೊರಗಿನ ಫಂಕ್ಷನ್‌ನದ್ದಾದರೆ 'ನಾನ್‌ಲೋಕಲ್' ಎಂದೂ ಅದನ್ನು ಹೆಸರಿಸಬೇಕು.